ಹಳದಿ ಚೀಟಿಯ ಡಬ್ಬಿ

ಹನ್ನೆರಡು ಡಬ್ಬಿ ಕೊಂಡವರಿಗೆ ಒಂದು ಡಬ್ಬಿ ಉಚಿತ ಎಂದು ಪಾತ್ರೆ ಅಂಗಡಿಯವನು ಬೋರ್ಡು ಹಾಕದೇ ಇದ್ದಿದ್ದರೆ ಗಡಿಯಾರಣ್ಣನ ಪಾಲಿಗೆ ಆ ಬುಧವಾರ ಬರುತ್ತಿರಲಿಲ್ಲ. ಬುಧವಾರ ಎಲ್ಲರಿಗೂ ಬರುತ್ತದೆ, ನಿಜ. ಆದರೆ ಅಂಥ ಬುಧವಾರ ಹಗೆಯವನಿಗೂ ಬೇಡ.

ಲ್ಯಾಬಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿಗಳು ಬೇಕಾಗಿದ್ದವು. ತರಲು ಹೋದವನು ಅವನೇ. ಹನ್ನೆರಡು ಡಬ್ಬಿ ಲ್ಯಾಬಿನ ಉಗ್ರಾಣಕ್ಕೆ ಸೇರಿದವು. ಹದಿಮೂರನೆಯದು ಅವನ ಚೀಲದ ತಳದಲ್ಲಿ ಸದ್ದಿಲ್ಲದೆ ಕೂತು ಮನೆ ಸೇರಿತು. ಕದ್ದದ್ದು ಎನ್ನುವ ಹಾಗಿಲ್ಲ, ಕೇಳಿ ತಂದದ್ದು ಎನ್ನುವ ಹಾಗೂ ಇಲ್ಲ. ಆ ಮಾತಿಗೆ ಮೂರು ವರ್ಷವಾಯಿತು. ಅಂದಿನಿಂದ ಹೆಂಡತಿ ಅವನ ಮಧ್ಯಾಹ್ನದ ಊಟವನ್ನು ಅದರಲ್ಲೇ ಹಾಕಿಕೊಡುತ್ತಿದ್ದಳು.

ಅವನು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ವಿಷ ಬಿಟ್ಟರೆ ಬೇರೆ ವ್ಯವಹಾರವಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಹಾವು, ನಡುವಿನದರಲ್ಲಿ ಸಮುದ್ರದ ಚಿಪ್ಪಿನ ಪ್ರಾಣಿಗಳು, ಮೇಲೆ ಅಣಬೆ. ನೆಲದಲ್ಲಿ, ನೀರಲ್ಲಿ ತಾನಾಗಿ ಹುಟ್ಟುವ ವಿಷ ಒಂದು ಜೀವದೊಳಗೆ ಹೋದರೆ ಎಲ್ಲೆಲ್ಲಿ ಸುತ್ತಾಡುತ್ತದೆ, ಏನೇನು ಕೆಡವುತ್ತದೆ ಎಂದು ಹುಡುಕುವುದು ಅಲ್ಲಿಯವರ ಹೊಟ್ಟೆಪಾಡು. ಹುಡುಕುವವರು ಬೇರೆ, ನೋಡುತ್ತ ಕೂರುವವನು ಬೇರೆ. ಗಡಿಯಾರಣ್ಣ ಎರಡನೆಯವನು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು ತೂಗುಹಾಕಿಕೊಂಡು ಇಲಿಗಳ ಬೋನಿನ ಮುಂದೆ ಕೂತು, ಇಲಿ ತಿನ್ನುವುದನ್ನು ಯಾವಾಗ ನಿಲ್ಲಿಸಿತು, ನಡೆಯುವುದನ್ನು ಯಾವಾಗ ನಿಲ್ಲಿಸಿತು, ಕೊನೆಗೆ ಎಲ್ಲವನ್ನೂ ಯಾವಾಗ ನಿಲ್ಲಿಸಿತು ಎಂದು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಮೂವತ್ತೊಂದು ವರ್ಷದಿಂದ ಇದೇ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ನಿವೃತ್ತಿಗೆ ಇನ್ನು ಎರಡೇ ವರ್ಷ.

ಆ ದಿನ ಬೆಳಗ್ಗೆ ತಿಂಡಿ ತಿನ್ನುತ್ತ, ನಿನ್ನೆ ಸತ್ತ ಇಲಿಗಳ ವಿಷಯ ಎತ್ತಿದ. ಹೆಂಡತಿ ತಟ್ಟೆಯನ್ನು ಠಪ್ಪೆಂದು ಇಟ್ಟಳು.

“ತಿನ್ನೋ ಹೊತ್ತಲ್ಲೂ ಸಾವಿನ ಸುದ್ದೀನಾ ನಿಮಗೆ? ಮೂವತ್ತು ವರ್ಷದಿಂದ ಈ ಮನೇಲಿ ತುತ್ತಿಗೊಂದು ಹೆಣ ಬೀಳ್ತಿದೆ!”

“ಹೆಣ ಅಂತ ಎಲ್ಲಿ ಅಂದೆ? ನಾಲ್ಕು ಹೋದವು ಅಂದೆ ಅಷ್ಟೆ.”

ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಏನನ್ನೋ ಜೋರಾಗಿ ಕುಟ್ಟುವ ಸದ್ದು ಬಂತು. ಡಬ್ಬಿ ಕೈಗೆ ಬಂದಾಗ ಅದರಲ್ಲಿ ಏನಿದೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಲ್ಯಾಬಿಗೆ ಬಂದರೆ ಊಟ ಇಡುವ ಫ್ರಿಜ್ಜು ಕೆಟ್ಟು ಕೂತಿತ್ತು. ಒಳಗೆ ನೀರು ಸೋರಿ, ಯಾರದೋ ಹಳೆಯ ನಿಂಬೆಹಣ್ಣು ತೇಲುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಫ್ರಿಜ್ಜು, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಇದರಲ್ಲಿ ತಿನ್ನುವ ಪದಾರ್ಥ ಇಡಕೂಡದು’ ಎಂದು ಬರೆದಿತ್ತು. ಬರೆದವನು ಗಡಿಯಾರಣ್ಣನೇ. ತಾನೇ ಬರೆದದ್ದು ತನಗೇಕೆ ಎಂದುಕೊಂಡನೋ ಏನೋ, ಇದೊಂದು ದಿನಕ್ಕೆ ಏನಾಗುತ್ತದೆ ಎಂದು ತನ್ನ ಡಬ್ಬಿಯನ್ನು ಅದರೊಳಗೆ ತಳ್ಳಿದ.

ಅದರೊಳಗೆ ಆಗಲೇ ಹನ್ನೆರಡು ಡಬ್ಬಿಗಳಿದ್ದವು. ಆರರ ಮೇಲೆ ನೀಲಿ ಚೀಟಿ, ಆರರ ಮೇಲೆ ಹಳದಿ. ಎಲ್ಲದರಲ್ಲೂ ಬೇಯಿಸಿ ಹಿಸುಕಿದ ಅಣಬೆ. ಒಂದು ಬಣ್ಣದ್ದು ಆಳನ್ನು ಮಲಗಿಸುವ ವಿಷದ ಅಣಬೆ, ಇನ್ನೊಂದು ಬಣ್ಣದ್ದು ನೋಡಲು ಅದರ ಅವಳಿಯಂತಿರುವ ಸಾಧು ಅಣಬೆ. ಯಾವ ಬಣ್ಣ ಯಾವುದು ಎಂದು ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಕೂಡದು. ಗೊತ್ತಿದ್ದರೆ ನೋಡುವವನ ಕಣ್ಣು ಮೋಸ ಮಾಡುತ್ತದೆ, ಸಾಯಬೇಕಾದ ಇಲಿ ಸುಮ್ಮನೆ ಆಕಳಿಸಿದರೂ ಸತ್ತ ಹಾಗೆ ಕಾಣುತ್ತದೆ ಎಂದು ಆ ಅಧ್ಯಯನ ನಡೆಸುವ ಮೇಡಂ ಹೇಳುತ್ತಿದ್ದರು. ಅದಕ್ಕಾಗಿ ಅಣಬೆ ಬೇಯಿಸಿ ಚೀಟಿ ಹಚ್ಚುವ ಕೆಲಸ ಬೇರೊಂದು ಕಟ್ಟಡದಲ್ಲಿ. ವಾರಕ್ಕೊಮ್ಮೆ ಬಣ್ಣದ ಅರ್ಥ ಬದಲಾಗುತ್ತಿತ್ತು. ಆ ವಾರದ ಅರ್ಥವನ್ನು ಒಂದು ಲಕೋಟೆಯಲ್ಲಿ ಮುಚ್ಚಿ, ಮೂರು ಜನ ಸಹಿ ಹಾಕಿ, ಮೇಡಂ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದರು. ಮೂರು ವರ್ಷದ ಲಕೋಟೆಗಳನ್ನೆಲ್ಲ ಬರುವ ತಿಂಗಳು ಒಟ್ಟಿಗೆ ಒಡೆಯಬೇಕು. ಅಲ್ಲಿಗೆ ಸಾವಿರದ ಇನ್ನೂರು ಇಲಿಗಳ ಜೀವಕ್ಕೆ ಒಂದು ಅರ್ಥ ಬರಬೇಕು.

ಇನ್ನು ಆ ಚೀಟಿಗಳದ್ದೊಂದು ತಾಪತ್ರಯ. ತಂಪಿಗೆ ಅವುಗಳ ಅಂಟು ಬಿಟ್ಟುಕೊಳ್ಳುತ್ತಿತ್ತು. ಎಲ್ಲರಿಗಿಂತ ಮೊದಲು ಬಂದು, ಬಿದ್ದ ಚೀಟಿಗಳನ್ನು ಎತ್ತಿ ಅಂಟಿಸುವುದು ಯಾರೂ ಹೇಳದೆ ಗಡಿಯಾರಣ್ಣ ಮೈಮೇಲೆ ಹಾಕಿಕೊಂಡಿದ್ದ ಸೇವೆ. ಅಂದೂ ನಾಲ್ಕು ಬಿದ್ದಿದ್ದವು. ಎಂದಿನಂತೆ ಅಂಟಿಸಿ, ಇಲಿಗಳಿಗೆ ಬೆಳಗಿನ ಪಾಲು ತಿನ್ನಿಸಿ, ಡಬ್ಬಿಗಳನ್ನು ಒಳಗಿಟ್ಟು, ಹಳೆಯ ಪುಸ್ತಕದ ಲೆಕ್ಕ ತಾಳೆ ನೋಡುತ್ತ ಕೂತ.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಹೊಟ್ಟೆ ಕರೆಯಿತು. ಕಣ್ಣು ಪುಸ್ತಕದ ಮೇಲೇ ಇಟ್ಟು ಫ್ರಿಜ್ಜಿಗೆ ಕೈ ಹಾಕಿ, ಚೀಟಿ ಇಲ್ಲದ ಡಬ್ಬಿಯೊಂದನ್ನು ಎಳೆದುಕೊಂಡು, ಬ್ರೆಡ್ಡಿನ ಜೊತೆ ಅಷ್ಟನ್ನೂ ತಿಂದು ಮುಗಿಸಿದ. ಮೆತ್ತಗಿತ್ತು, ಸಪ್ಪೆಯಾಗಿತ್ತು. ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಅವನ ಊಟವೆಲ್ಲ ಹಾಗೇ. ಡಬ್ಬಿ ತೊಳೆದು ಬೋರಲು ಹಾಕಿ ಮತ್ತೆ ಕೂತ.

ಎರಡು ಗಂಟೆಗೆ ಹೆಂಡತಿಯ ಫೋನು ಬಂತು. ದನಿ ತಗ್ಗಿತ್ತು.

“ಊಟ ಆಯ್ತಾ?”

“ಆಯ್ತು.”

“ನೀರು ಕುಡಿದ್ರಾ?”

“ಯಾಕೆ?”

“ತಪ್ಪಾಯ್ತು ರೀ. ಬೆಳಗ್ಗೆ ಕೋಪ ಬಂದಿತ್ತು. ಬದನೆಕಾಯಿಗೆ ಒಂಬತ್ತು ಹಸಿಮೆಣಸಿನಕಾಯಿ ಕುಟ್ಟಿ ಹಾಕ್ಬಿಟ್ಟೆ. ಆಮೇಲಿಂದ ಜೀವ ತಡೀತಿಲ್ಲ. ಬಾಯಿ ಉರೀತಾ?”

ಗಡಿಯಾರಣ್ಣ ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ತಿರುಗಿಸಿ ನೋಡಿದ. ಎಲ್ಲೂ ಉರಿ ಇರಲಿಲ್ಲ.

“ಖಾರಾನೇ ಇರಲಿಲ್ಲ ಕಣೇ.”

“ಒಂಬತ್ತು ಹಾಕಿದೀನಿ ಅಂದ್ನಲ್ಲ!”

ಅವನು ಫೋನು ಹಿಡಿದುಕೊಂಡೇ ಎದ್ದು ಫ್ರಿಜ್ಜು ತೆಗೆದ. ಹಿಂದಿನ ಮೂಲೆಯಲ್ಲಿ ಚೀಟಿ ಇಲ್ಲದ ಇನ್ನೊಂದು ಡಬ್ಬಿ. ಮುಚ್ಚಳ ತೆಗೆದ. ಮೆಣಸಿನ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಕೆಳಗಿನ ತಟ್ಟೆಯಲ್ಲಿ ಒಂದು ಹಳದಿ ಚೀಟಿ ಮುದುಡಿಕೊಂಡು ಬಿದ್ದಿತ್ತು. ಬೆಳಗ್ಗೆ ಅಂಟಿಸಿದ್ದರಲ್ಲೊಂದೋ ಬೇರೆಯದೋ, ಉದುರಿತ್ತು. ಡಬ್ಬಿಗಳನ್ನು ಎಣಿಸಿದ. ಹಳದಿಯವು ಐದೇ ಇದ್ದವು.

“ರೀ, ಮಾತಾಡ್ರೀ. ಕೋಪಾನಾ?”

“ಕೋಪ ಇಲ್ಲ” ಎಂದ ಗಡಿಯಾರಣ್ಣ. “ನೀನು ಒಂದು ಸಲ ಇಲ್ಲಿಗೆ ಬಂದು ಹೋಗ್ತೀಯಾ?”

ಪ್ರಾಣ ಹೋಗುವ ಭಯವೆಂದರೆ ಏನೆಂದು ಅವನು ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಪುಸ್ತಕದಲ್ಲಿ ಬರೆದಿರಲಿಲ್ಲ. ಅದಕ್ಕೆ ಅಂಕಣವೇ ಇರಲಿಲ್ಲ.

ಮೊದಲು ಹೊಳೆದದ್ದು ದೊಡ್ಡಾಸ್ಪತ್ರೆ. ನಂಬರು ಒತ್ತಿದ. ಅಲ್ಲಿಯ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿಕೊಂಡಳು.

“ಅಣಬೆ ಅಂದ್ರಾ? ಒಂದು ನಿಮಿಷ ಇರಿ. ಅದಕ್ಕೆ ಪರಿಣತರ ಸಹಾಯವಾಣಿ ಇದೆ. ಅವರನ್ನ ಕೇಳಿ ಹೇಳ್ತೀನಿ.”

ಅವನ ಪಕ್ಕದ ಮೇಜಿನ ಮೇಲಿದ್ದ ಕೆಂಪು ಫೋನು ಬಡಿದುಕೊಳ್ಳತೊಡಗಿತು. ಅದನ್ನು ಎತ್ತುವುದೂ ಅವನದೇ ಕೆಲಸ. ಒಂದು ಕಿವಿಗೆ ಒಂದು, ಇನ್ನೊಂದು ಕಿವಿಗೆ ಇನ್ನೊಂದು ಫೋನು ಹಿಡಿದು ನಿಂತ.

“ನಮಸ್ಕಾರ, ಒಬ್ಬರು ಅಣಬೆ ತಿಂದಿದಾರಂತೆ. ಏನು ಮಾಡ್ಬೇಕು ಅಂತ ಹೇಳ್ತೀರಾ?” ಎಂದು ಎರಡು ಕಿವಿಗೂ ಒಂದೇ ದನಿ ಕೇಳಿಸಿತು.

“ಗೊತ್ತಿಲ್ಲಮ್ಮ” ಎಂದು ಎರಡನ್ನೂ ಕೆಳಗಿಟ್ಟ.

ಸುದ್ದಿಗೆ ಮೆಟ್ಟಿಲು ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ಕೆಳಗಿನ ಮಹಡಿಯ ಹಾವಿನ ಸಾಹೇಬರು ಏದುಸಿರು ಬಿಡುತ್ತ ಬಂದರು. ಅವರಿಗೆ ಲೋಕದಲ್ಲಿರುವುದು ಒಂದೇ ವಿಷ, ಅದು ಹಲ್ಲಿನಿಂದ ಬರುವಂಥದ್ದು.

“ಗಾಬರಿ ಬೇಡ, ಅಲ್ಲಾಡಬೇಡಿ! ಮೇಲಕ್ಕೆ ಏರದ ಹಾಗೆ ಬಿಗಿಯಾಗಿ ಕಟ್ಟೋಣ” ಎಂದು ಜೇಬಿನಿಂದ ಪಟ್ಟಿ ತೆಗೆದರು.

“ಎಲ್ಲಿ ಕಟ್ತೀರಿ ಸಾರ್? ನಾನು ನುಂಗಿರೋದು.”

ಸಾಹೇಬರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕುತ್ತಿಗೆಯ ಹತ್ತಿರ ಒಂದು ಗಳಿಗೆ ಯೋಚಿಸಿ, ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಉಗ್ರಾಣದವರು ಉಪ್ಪುನೀರಿನ ಬಕೆಟ್ಟು ಹಿಡಿದು ಬಂದರು. ಎರಡು ಚೊಂಬು ಒತ್ತಾಯ ಮಾಡಿ ಕುಡಿಸಿದರು. ಗಡಿಯಾರಣ್ಣ ತೊಟ್ಟಿಯ ಮೇಲೆ ಬಗ್ಗಿ ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡ. ಬಂದದ್ದು ನೀರು ಮಾತ್ರ. ಉಗ್ರಾಣದವರು ಅವನ ಬೆನ್ನು ಸವರುತ್ತಲೇ ಅತ್ತ ಕಣ್ಣು ಹಾಯಿಸಿದರು.

“ಅಲ್ಲಣ್ಣ, ನಾನು ಕೊಟ್ಟಿದ್ದು ಹನ್ನೆರಡು ಡಬ್ಬಿ. ಇಲ್ಲಿ ಹದಿಮೂರಿದೆ.”

“ಸಾಯೋನಿಗೆ ಇದೆಲ್ಲ ಯಾಕೆ ಕೇಳ್ತೀರಿ?”

“ಸುಮ್ಮನೆ ಕೇಳ್ದೆ. ಒಂದು ಕಮ್ಮಿ ಬಂದ್ರೆ ಬರೆಯೋಕೆ ಜಾಗ ಇದೆ. ಒಂದು ಜಾಸ್ತಿ ಬಂದ್ರೆ ಎಲ್ಲಿ ಬರೀಲಿ?”

ಅಷ್ಟರಲ್ಲಿ ಮೇಡಂ ಬಂದರು. ತೆಳ್ಳಗಿನ ಹೆಂಗಸು, ಬಿಳಿ ಕೋಟಿನ ತೋಳು ಯಾವಾಗಲೂ ಮಡಚಿರುತ್ತಿತ್ತು. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ನಾಡಿ ಹಿಡಿದು ಕೇಳಿದರು.

“ಈಗ ಹೇಗನ್ನಿಸ್ತಿದೆ?”

“ಚೆನ್ನಾಗೇ ಇದೀನಿ ಮೇಡಂ.”

ಮೇಡಂ ಮುಖ ಇಳಿಯಿತು. ಗಡಿಯಾರಣ್ಣನದೂ ಇಳಿಯಿತು. ಆ ಅಣಬೆಯ ಗುಣ ಇಬ್ಬರಿಗೂ ಗೊತ್ತಿತ್ತು. ಅದನ್ನು ತಿಂದವನಿಗೆ ಮೊದಲ ಅರ್ಧ ದಿನ ಏನೂ ಆಗುವುದಿಲ್ಲ. ನಗುತ್ತಾನೆ, ಓಡಾಡುತ್ತಾನೆ. ರಾತ್ರಿ ಹೊಟ್ಟೆ ಕೆಡುತ್ತದೆ, ಮಾರನೆಯ ದಿನ ಸರಿಯಾಯಿತು ಎನ್ನುತ್ತಾನೆ. ಮೂರನೆಯ ದಿನದ ಹೊತ್ತಿಗೆ ಒಳಗೆ ಲಿವರು ಕರಗಿ ಹೋಗಿರುತ್ತದೆ. ಮೊದಲ ಲಕ್ಷಣವೆಂದರೆ ಚೆನ್ನಾಗಿರುವುದೇ.

“ಮದ್ದಿದೆಯಲ್ಲ ಮೇಡಂ” ಎಂದ ಅವನು. ದನಿ ಬೋನಿನೊಳಗಿಂದ ಬಂದಂತಿತ್ತು. “ನಮ್ಮ ಇಲಿಗಳಿಗೆ ಕೊಡೋದು.”

ಮದ್ದಿತ್ತು. ಒಂದು ಕಾಡುಬೇರಿನಿಂದ ತೆಗೆದ ಹನಿ. ಅದೂ ವಿಷವೇ. ಹೊಟ್ಟೆಯಲ್ಲಿ ಅಣಬೆಯ ವಿಷವಿದ್ದರೆ ಬೇರಿನ ವಿಷ ಅದನ್ನು ಹಿಡಿದು ಕಟ್ಟಿಹಾಕಿ ಎರಡೂ ತಣ್ಣಗಾಗುತ್ತವೆ, ಅಣಬೆಯ ವಿಷ ಇಲ್ಲದಿದ್ದರೆ ಬೇರು ತಾನೇ ಕೊಲ್ಲುತ್ತದೆ ಎಂಬುದು ಮೇಡಂ ವಾದ. ಮೂರು ವರ್ಷದಿಂದ ಎರಡೂ ಬಣ್ಣದ ಇಲಿಗಳಿಗೂ ಆ ಹನಿ ಹಾಕಿ ಯಾವುವು ಉಳಿಯುತ್ತವೆ ಎಂದು ನೋಡುತ್ತಿದ್ದದ್ದು ಇದಕ್ಕೇ. ಕೊಡುವುದಿದ್ದರೆ ತಿಂದ ಆರು ಗಂಟೆಯೊಳಗೆ ಕೊಡಬೇಕು.

“ವಿಷದ ಅಣಬೆ ತಿಂದಿದ್ರೆ ಮದ್ದು ಕೊಡ್ಲೇಬೇಕು. ಸಾಧು ಅಣಬೆ ತಿಂದಿದ್ರೆ ಕೊಡ್ಲೇಬಾರ್ದು. ನೀವು ಯಾವುದು ತಿಂದಿದೀರಿ?”

“ಹಳದಿ.”

“ಹಳದಿ ಅಂದ್ರೆ ಯಾವುದು?”

ಎಲ್ಲರ ಕಣ್ಣೂ ಬಾಗಿಲಾಚೆ ಮೇಡಂ ಕೋಣೆಯ ಕಬ್ಬಿಣದ ಬೀರುವಿನ ಕಡೆಗೆ ತಿರುಗಿತು.

“ಡಬ್ಬಿಯಲ್ಲಿ ಚೂರೇನಾದ್ರೂ ಉಳಿದಿದ್ರೆ ಪರೀಕ್ಷೆ ಮಾಡ್ಬಹುದಲ್ಲ?” ಎಂದರು ಹಾವಿನ ಸಾಹೇಬರು.

“ತೊಳೆದಿಟ್ಟಿದಾರೆ” ಎಂದರು ಉಗ್ರಾಣದವರು. “ಪಳಪಳ ಅಂತಿದೆ.”

“ಪರೀಕ್ಷೆ ಮಾಡೋ ಯಂತ್ರ ಕೆಟ್ಟು ಎರಡು ತಿಂಗಳಾಯ್ತು” ಎಂದರು ಮೇಡಂ. “ಇಲಿಗೆ ತಿನ್ನಿಸಿ ನೋಡಬಹುದು. ಇಲಿಗೆ ಗೊತ್ತಾಗೋದು ನಾಡಿದ್ದು.”

ಗಡಿಯಾರಣ್ಣ ಎದ್ದು ಹೋಗಿ ಹಳದಿ ಬೋನಿನ ಮುಂದೆ ನಿಂತ. ಬೆಳಗ್ಗೆ ಹಳದಿ ಡಬ್ಬಿಯದನ್ನು ತಿಂದ ಇಲಿಯೊಂದು ಮುಂಗಾಲೆತ್ತಿ ಮುಖ ತೊಳೆದುಕೊಳ್ಳುತ್ತಿತ್ತು. ಅದೂ ಚೆನ್ನಾಗೇ ಇತ್ತು. ಅದನ್ನು ನೋಡಿ ಅವನಿಗೆ ಸಮಾಧಾನವೂ ಆಗಲಿಲ್ಲ, ಭಯವೂ ಕಡಿಮೆಯಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಇಲಿಯ ಹತ್ತಿರ ಏನಾದರೂ ಕೇಳಬೇಕೆನ್ನಿಸಿತು.

“ಲಕೋಟೆ ಒಡೀರಿ ಮೇಡಂ” ಎಂದ ತಿರುಗಿ.

ಮೇಡಂ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಒಂದು ಲಕೋಟೆ ಒಡೆದ್ರೂ ಇಡೀ ಅಧ್ಯಯನ ರದ್ದು. ನಮಗೆ ಒಪ್ಪಿಗೆ ಕೊಟ್ಟ ಸಮಿತಿಯ ನಿಯಮ. ನಿಮಗೂ ಗೊತ್ತು. ಮೂರು ವರ್ಷ. ಒಂದು ತಿಂಗಳು ಬಾಕಿ ಇತ್ತು.”

“ನನಗೂ ಎರಡು ವರ್ಷ ಬಾಕಿ ಇತ್ತು ಮೇಡಂ.”

ಅವರು ಸಮಿತಿಗೆ ಫೋನು ಮಾಡಿದರು. ಸಮಿತಿಯ ಕಾರ್ಯದರ್ಶಿ ತುಂಬ ವ್ಯಥೆಪಟ್ಟರು. ವಿಷಯವನ್ನು ಬರೆದು ಕಳಿಸಿದರೆ ಮುಂದಿನ ಸಭೆಯಲ್ಲಿ ಮೊದಲನೆಯದಾಗಿ ಎತ್ತಿಕೊಳ್ಳುವುದಾಗಿಯೂ, ಸಭೆ ಇಪ್ಪತ್ತೆರಡನೆಯ ತಾರೀಕು ಎಂದೂ, ಅಲ್ಲಿಯವರೆಗೆ ಸಂಬಂಧಪಟ್ಟ ವ್ಯಕ್ತಿ ಆರೋಗ್ಯ ನೋಡಿಕೊಳ್ಳಬೇಕೆಂದೂ ತಿಳಿಸಿದರು.

ಗಂಟೆ ನಾಲ್ಕಾಯಿತು. ಹೊತ್ತು ಸುಮ್ಮನೆ ಹಾಳಾಗಬಾರದೆಂದು ಮೇಡಂ ಅವನ ಪುಸ್ತಕವನ್ನು ಅವನ ಮುಂದೆಯೇ ಸರಿಸಿದರು.

“ಹದಿನೈದು ನಿಮಿಷಕ್ಕೊಂದು ಸಲ ಹೇಗಿದೆ ಅಂತ ಬರೀತಾ ಇರಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಬರೆಯೋರು ಇಲ್ಲಿ ಬೇರೆ ಯಾರೂ ಇಲ್ಲ.”

ಅವನು ಬರೆದ. ನಾಲ್ಕು ಗಂಟೆ, ಏನೂ ಇಲ್ಲ. ನಾಲ್ಕೂ ಕಾಲು, ಏನೂ ಇಲ್ಲ. ಅಕ್ಷರಗಳು ಎಂದಿನಂತೆ ದುಂಡಗಿದ್ದವು. ಇದೇ ‘ಏನೂ ಇಲ್ಲ’ವನ್ನು ಅವನು ಎಷ್ಟು ಸಾವಿರ ಸಲ ಬರೆದಿರಬೇಕು! ಬೋನಿನೊಳಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಈಗ ಗೊತ್ತಾಯಿತು.

ನಾಲ್ಕೂವರೆಗೆ ಹೆಂಡತಿ ಬಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಉಗ್ರಾಣದವರು ಮೆಟ್ಟಿಲ ಹತ್ತಿರವೇ ಎಲ್ಲ ಹೇಳಿ ಮುಗಿಸಿದ್ದರು. ಅವಳು ಒಳಗೆ ಬಂದವಳೇ ಗಂಡನ ಎದುರು ನಿಂತು, ಮೊದಲು ಬೈದಳು, ಆಮೇಲೆ ಅತ್ತಳು.

“ಬದನೆಕಾಯಿಗೂ ಅಣಬೆಗೂ ವ್ಯತ್ಯಾಸ ಗೊತ್ತಾಗದ ನಾಲಿಗೆ ಯಾಕ್ರೀ ನಿಮಗೆ? ಖಾರ ಇಲ್ಲ ಅಂತಾದ್ರೂ ಅನ್ನಿಸ್ಲಿಲ್ವಾ?”

“ನಿನ್ನ ಕೋಪ ಇಳಿದಿದೆ ಅಂದ್ಕೊಂಡೆ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೆಳಗೆ ಕೂತುಬಿಟ್ಟಳು. ಅವನಿಗೂ ಅಳು ಬಂತು. ಸಾಯುವ ಸಂಕಟಕ್ಕಿಂತ, ಮೂವತ್ತು ವರ್ಷ ಈ ಹೆಂಗಸಿನ ತುತ್ತಿನ ಮುಂದೆ ಸತ್ತ ಇಲಿಗಳ ಲೆಕ್ಕ ಒಪ್ಪಿಸಿದೆನಲ್ಲ ಎಂಬ ಸಂಕಟ ದೊಡ್ಡದಾಯಿತು.

ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಎದ್ದು ಮೇಡಂ ಕಡೆ ತಿರುಗಿದಳು.

“ಆ ಲಕೋಟೇಲಿ ಏನಿದೆಯಮ್ಮಾ, ನನ್ನ ಗಂಡನಿಗಿಂತ ದೊಡ್ಡದು?”

“ಇನ್ನೊಂದು ತಿಂಗಳು ಹೋಗಿದ್ರೆ, ಇದೇ ಅಣಬೆ ತಿಂದು ಬರೋ ಬೇರೆ ಎಷ್ಟೋ ಜನರ ಗಂಡಂದಿರು ಉಳೀತಿದ್ರು” ಎಂದರು ಮೇಡಂ. ಸುಳ್ಳು ಹೇಳುವ ಹೆಂಗಸಲ್ಲ ಅದು. ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ನಿಂತರು.

ಐದೂ ಮುಕ್ಕಾಲಿಗೆ ಅವರೇ ಹೋಗಿ ಬೀರು ತೆಗೆದರು. ಲಕೋಟೆ ತಂದು, ಮೇಲಿನ ಮೂರು ಸಹಿ ಎಲ್ಲರಿಗೂ ತೋರಿಸಿ, ಅಂಚು ಹರಿದರು. ಹರಿಯುವಾಗ ಅವರ ಕಣ್ಣು ತುಂಬಿದ್ದನ್ನು ಹಾವಿನ ಸಾಹೇಬರು ಕಂಡೂ ಕಾಣದವರ ಹಾಗೆ ಗೋಡೆ ನೋಡಿದರು.

ಒಳಗಿನ ಕಾಗದದಲ್ಲಿ ಎರಡೇ ಸಾಲಿತ್ತು. ನೀಲಿ, ವಿಷ. ಹಳದಿ, ಸಾಧು.

“ಸಾಧು!” ಎಂದು ಕೂಗಿದರು ಉಗ್ರಾಣದವರು. ಗಡಿಯಾರಣ್ಣನನ್ನು ಕುರ್ಚಿಸಮೇತ ತಬ್ಬಿಕೊಂಡರು. ಹಾವಿನ ಸಾಹೇಬರು ತಮಗೆ ಮೊದಲೇ ಗೊತ್ತಿತ್ತು, ಅವನ ಕಣ್ಣಿನ ಬಣ್ಣ ನೋಡಿಯೇ ಹೇಳಬಹುದಿತ್ತು ಎಂದರು. ಯಾರೋ ಟೀಗೆ ಹೇಳಿಕಳಿಸಿದರು. ಹೆಂಡತಿ ಅಳುತ್ತಲೇ ನಗತೊಡಗಿದಳು. ಹದಿಮೂರನೆಯ ಡಬ್ಬಿಯ ವಿಷಯವನ್ನು ತಾವು ಮರೆತೇಬಿಟ್ಟಿದ್ದಾಗಿ ಉಗ್ರಾಣದವರು ಮೂರು ಸಲ ನೆನಪಿಸಿದರು.

ಮೇಡಂ ಮದ್ದಿನ ಶೀಷೆಗೆ ಬಿರಡೆ ಹಾಕಿ ಪಕ್ಕಕ್ಕಿಟ್ಟರು.

“ಪುಣ್ಯ ನಿಮ್ಮದು. ಗಾಬರೀಲಿ ಇದನ್ನ ಕೊಟ್ಟಿದ್ರೆ ನಾವೇ ಕೊಂದಿರ್ತಿದ್ವಿ. ಮನೆಗೆ ಹೋಗಿ ನಿದ್ದೆ ಮಾಡಿ.” ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ, “ಹೋಗ್ಲಿ. ಸಮಿತಿ ರದ್ದು ಮಾಡಿದ್ರೂ ಇವರ ಪುಸ್ತಕ ಇದೆ. ಎಲ್ಲಾ ಲಕೋಟೆ ಒಡೆದು ತಾಳೆ ನೋಡಿದ್ರೆ, ಮದ್ದು ಕೆಲಸ ಮಾಡುತ್ತೋ ಇಲ್ವೋ ನಮಗಾದ್ರೂ ಗೊತ್ತಾಗುತ್ತೆ. ಇವತ್ತು ಬಿಟ್ರೆ ಮೂರು ವರ್ಷದಲ್ಲಿ ಒಂದು ಡಬ್ಬಿ ಮೇಲಿನ ಚೀಟಿ ಬಿದ್ದದ್ದನ್ನ ನಾನು ಕಂಡಿಲ್ಲ. ಅಂಥ ಕೆಲಸ ಇವರದ್ದು” ಎಂದರು.

ಗಡಿಯಾರಣ್ಣನ ಕೈಯಲ್ಲಿ ಟೀ ಲೋಟ ಇತ್ತು. ಬಾಯಿಯ ಹತ್ತಿರ ಒಯ್ದವನು ಅದನ್ನು ಹಾಗೇ ಮೇಜಿನ ಮೇಲಿಟ್ಟ.

ಬೆಳಗ್ಗೆ ಫ್ರಿಜ್ಜಿನ ತಟ್ಟೆಯಲ್ಲಿ ನಾಲ್ಕು ಚೀಟಿ ಬಿದ್ದಿದ್ದವು. ಎರಡು ನೀಲಿ, ಎರಡು ಹಳದಿ. ತನ್ನದು ಬಿಟ್ಟರೆ ಮೇಲೆ ಬೋಳು ಡಬ್ಬಿ ನಾಲ್ಕು. ಯಾವ ಚೀಟಿ ಯಾವ ಡಬ್ಬಿಯದು ಎಂದು ಡಬ್ಬಿಗಳು ಹೇಳಲಿಲ್ಲ, ಅವನು ಯಾರನ್ನೂ ಕೇಳಲಿಲ್ಲ. ಕೈಗೆ ಬಂದಂತೆ ಅಂಟಿಸಿದ್ದ. ಮೂರು ವರ್ಷದ ಹಿಂದೆ ಮೊದಲ ಸಲ ಹಾಗೆ ಮಾಡಿದಾಗ ಇಡೀ ದಿನ ಎದೆ ಹೊಡೆದುಕೊಂಡಿತ್ತು. ಹೇಳಿದರೆ ಆ ವಾರದ ಇಲಿಗಳೆಲ್ಲ ದಂಡ, ಬೈಗುಳ ಬೇರೆ. ಎರಡನೆಯ ಸಲ ಅರ್ಧ ದಿನ ಹೊಡೆದುಕೊಂಡಿತು. ಆಮೇಲೆ ಅದು ನೆಲ ಗುಡಿಸಿದ ಹಾಗೆ ಬೆಳಗಿನ ಕೆಲಸವಾಗಿಹೋಯಿತು. ಅವನು ತಿಂದ ಡಬ್ಬಿಗೆ ಹಳದಿ ಎಂದು ಹೆಸರಿಟ್ಟವರು ಬೇರೆ ಕಟ್ಟಡದವರೋ ತಾನೋ ಅವನಿಗೇ ಗೊತ್ತಿರಲಿಲ್ಲ.

ಲೋಕದಲ್ಲಿ ಆ ಲಕೋಟೆಯನ್ನು ನಂಬಲಾಗದ ಮನುಷ್ಯ ಒಬ್ಬನೇ ಇದ್ದ. ಅವನ ಜೀವದ ಸಲುವಾಗಿಯೇ ಅದನ್ನು ಒಡೆದಿದ್ದರು.

“ನಡೀರಿ ಹೋಗೋಣ” ಎಂದು ಹೆಂಡತಿ ತೋಳು ಹಿಡಿದಳು. “ರಾತ್ರಿಗೆ ಖಾರ ಇಲ್ದೆ ಏನಾದ್ರೂ ಮಾಡ್ತೀನಿ.”

ಸುಮ್ಮನೆ ಎದ್ದು ಹೋಗಬಹುದಿತ್ತು. ಕೆಲಸ ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು, ಎರಡು ವರ್ಷದ ಮೇಲೆ ಒಂದು ಹಾರವೂ ಬೀಳುತ್ತಿತ್ತು. ಹಾರ ನಾಡಿದ್ದೇ ಬೀಳಲೂಬಹುದಿತ್ತು. ಗೋಡೆಯ ಮೇಲೆ ಆರೂ ಐದಾಗಿತ್ತು. ಮದ್ದಿನ ಗಡುವಿಗೆ ಇನ್ನು ನಲವತ್ತು ನಿಮಿಷ.

“ಮೇಡಂ” ಎಂದ. “ಆ ಚೀಟಿ ಬೀಳ್ತಿದ್ವು.”

“ಯಾವ ಚೀಟಿ?”

“ಎಲ್ಲಾ. ತಂಪಿಗೆ. ನಾನು ಅಂಟಿಸ್ತಿದ್ದೆ.”

“ಸರಿಯಾಗಿ ನೋಡಿ ತಾನೇ?”

ಅವನು ತಲೆ ಎತ್ತಲಿಲ್ಲ. ಉಗ್ರಾಣದವರು ಅವನ ಹೆಗಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದರು.

“ಇವತ್ತು ಮಾತ್ರಾನಾ?” ಎಂದು ಕೇಳಿದರು ಮೇಡಂ. ದನಿ ಇನ್ನೂ ತಗ್ಗಿತ್ತು.

“ಮೊದಲನೇ ವಾರದಿಂದ.”

ಮೇಡಂ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಹೆಂಡತಿ ಮುಂದೆ ಬಂದಳು. ಅವಳಿಗೆ ಚೀಟಿಯ ಗೊಡವೆ ಬೇಕಿರಲಿಲ್ಲ.

“ಅದೆಲ್ಲ ಆಮೇಲೆ ಬೈಕೊಳ್ಳಿ ಮೇಡಂ. ಇವರು ತಿಂದಿದ್ದು ವಿಷಾನೇ ಇರಬಹುದಲ್ಲ? ಆ ಮದ್ದು ಕೊಟ್ಬಿಡಿ!”

“ಸಾಧು ತಿಂದಿದ್ರೆ ಮದ್ದೇ ಕೊಲ್ಲುತ್ತಮ್ಮ.”

“ಹಾಗಾದ್ರೆ ಕೊಡಬೇಡಿ!”

“ವಿಷ ತಿಂದಿದ್ರೆ ಅದು ಕೊಲ್ಲುತ್ತೆ.”

“ಆ ಮದ್ದು ನಿಜವಾಗ್ಲೂ ಉಳಿಸುತ್ತಾ? ಅದನ್ನಾದ್ರೂ ಹೇಳಿ!”

ಮೇಡಂ ಕಣ್ಣು ತೆರೆದು ಗಡಿಯಾರಣ್ಣನ ಮುಂದಿದ್ದ ದಪ್ಪ ಪುಸ್ತಕದ ಮೇಲೆ ಕೈಯಿಟ್ಟರು. ಸಾವಿರದ ಇನ್ನೂರು ಇಲಿಗಳ ಸಾವು ಬದುಕು ಅದರೊಳಗೆ ದುಂಡಗಿನ ಅಕ್ಷರದಲ್ಲಿ ಮಲಗಿತ್ತು.

“ಅದು ಇದರಲ್ಲಿತ್ತಮ್ಮ” ಎಂದರು. “ಯಾವ ಇಲಿ ಏನು ತಿಂದಿತ್ತು ಅಂತ ಗೊತ್ತಿದ್ದಿದ್ರೆ ಹೇಳ್ತಿದ್ದೆ.”

ಹಾವಿನ ಸಾಹೇಬರು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರು. ಹೋಗಲೇಬೇಕು, ಗಾಡಿ ತರಿಸಿ ಎಂದರು ಮೇಡಂ. ಅಲ್ಲಿಯವರೂ ಇದನ್ನೇ ಮಾಡುತ್ತಾರೆ, ಕಾಯುತ್ತಾರೆ, ಅಲ್ಲಿ ಹಾಸಿಗೆ ಮಾತ್ರ ಮೆತ್ತಗಿರುತ್ತದೆ. ಉಗ್ರಾಣದವರು ಗಾಡಿಗೆ ಓಡಿದರು. ಮದ್ದಿನ ಶೀಷೆ ಮೇಜಿನ ಮೇಲೇ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ, ಅದರಿಂದ ಯಾರೂ ಕಣ್ಣು ತೆಗೆಯಲೂ ಇಲ್ಲ. ಗೋಡೆಯ ಗಡಿಯಾರ ಆರೂ ಮುಕ್ಕಾಲು ದಾಟಿತು.

ಆಗ ಮೇಡಂ ಎದ್ದು ಬಂದು, ಅವನ ಕುತ್ತಿಗೆಯಲ್ಲಿದ್ದ ಸ್ಟಾಪ್‌ವಾಚನ್ನು ಮೆಲ್ಲಗೆ, ಕೂದಲಿಗೆ ತಾಗದ ಹಾಗೆ, ತಲೆಯ ಮೇಲಿಂದ ತೆಗೆದು ತಮ್ಮ ಕುತ್ತಿಗೆಗೆ ಹಾಕಿಕೊಂಡರು. ಪುಸ್ತಕದ ಹೊಸ ಪುಟ ತೆರೆದು ಮೇಲ್ಗಡೆ ‘ಸಾವಿರದ ಇನ್ನೂರ ಒಂದು’ ಎಂದು ಬರೆದರು. ಚೀಟಿಯ ಬಣ್ಣದ ಅಂಕಣವನ್ನು ಖಾಲಿ ಬಿಟ್ಟರು. ಗುಂಡಿ ಒತ್ತಿದರು.

“ಈಗ ಹೇಗನ್ನಿಸ್ತಿದೆ?”

ಗಡಿಯಾರಣ್ಣ ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಚೆನ್ನಾಗೇ ಇದೀನಿ ಮೇಡಂ” ಎಂದ.